ಫರಸಿ ಸರ್ ತೋರಿಸಿದ ಸಮುದ್ರ

ಕಳೆದ ತಿಂಗಳು ಸೇಡಂನಲ್ಲಿ ನಮಗೆ ಮೂರು ದಿನದ ತರಬೇತಿ ಇತ್ತು. ಪಾಠ ಯೋಜನೆಯಲ್ಲೂ ತರಗತಿಯಲ್ಲೂ ತಂತ್ರಜ್ಞಾನವನ್ನು ಹೇಗೆ ಬಳಸಬೇಕು ಎಂಬುದು ವಿಷಯ. ಉದ್ಘಾಟಕರು ತಂತ್ರಜ್ಞಾನ ಎಂಬ ಶಬ್ದವನ್ನು ನಾಲ್ಕನೆಯ ಸಲ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ನಾನು ಅಲ್ಲಿ ಸಂಪನ್ಮೂಲ ವ್ಯಕ್ತಿ. ನಮ್ಮ ಕಡೆ ಪ್ರೊಜೆಕ್ಟರಿನ ವೈರು ಯಾವ ತೂತಿಗೆ ಹೋಗುತ್ತದೆ ಎಂದು ಗೊತ್ತಿದ್ದವರನ್ನೆಲ್ಲ ಹಿಡಿದು ಸಂಪನ್ಮೂಲ ವ್ಯಕ್ತಿ ಮಾಡಿಬಿಡುತ್ತಾರೆ.

ಕರೆಂಟ್ ಬಂದ ಮೇಲೆ ಒಂದು ಮಾದರಿ ಪಾಠ ಯೋಜನೆ ತೋರಿಸಿ ಎಂದರು. ನನ್ನ ಹತ್ತಿರ ಮಾದರಿ ಎಂದು ಹೇಳಿಕೊಳ್ಳುವಂಥದ್ದು ಒಂದೇ ಇತ್ತು, ಅದೂ ನನ್ನದಲ್ಲ. ಫೋನಿನಲ್ಲಿದ್ದ ಅದರ ಫೋಟೋವನ್ನು ಪರದೆಯ ಮೇಲೆ ಹಾಕಿದೆ. ಅಚ್ಚಾದ ಒಂದು ಹಾಳೆ. ಪ್ರತಿ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೈಬರಹ: ‘ಆಯ್ತು’, ‘ಆಯ್ತು’, ‘ಆಗಲಿಲ್ಲ, ಕಡಾಯಿ ಮುಳುಗಿತು’, ‘ಮರುದಿನ ಆಯ್ತು.’

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಚಿಂಚೋಳಿ ಕಡೆಯ ಮಾಸ್ತರರೊಬ್ಬರು ಎದ್ದು ನಿಂತರು. “ಮೇಡಂ, ಇದು ಯಾವ ಆ್ಯಪ್‌ರಿ? ಭಾಳ ಚಂದ ಅದ. ಗ್ರೂಪಿನ್ಯಾಗ ಲಿಂಕ್ ಹಾಕ್ರಿ.”

ಆ ಕೆಂಪು ಶಾಯಿಯವರು ಲಿಂಕ್ ಹಾಕಲು ಬರುವಂಥ ಮನುಷ್ಯರಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ವಾಡಿಯಿಂದ ಫೋನ್ ಮಾಡಿ, ‘ನಾ ಅಂದಿದ್ದಕ್ಕಿಂತ ಜಾಸ್ತಿ ಬರ್ದೀದಿ, ಆ ಸಾಲು ತಗಿ’ ಎನ್ನುತ್ತಾರೆ. ನಮ್ಮ ಶಾಲೆಯ ಮಕ್ಕಳು ಅವರನ್ನು ಫರಸಿ ಸರ್ ಎನ್ನುತ್ತಿದ್ದರು. ಶಹಾಬಾದಿನ ಹಾಸುಗಲ್ಲಿಗೆ ನಮ್ಮ ಕಡೆ ಫರಸಿ ಎನ್ನುತ್ತಾರೆ. ಅವರ ತಂದೆ ಶಹಾಬಾದಿನ ಗಣಿಯಲ್ಲಿ ಕಲ್ಲು ಸೀಳುತ್ತಿದ್ದರು. ಮಗ ಓದಿ ವಿಜ್ಞಾನದ ಮಾಸ್ತರನಾಗಿ, ವಾಡಿಯಲ್ಲಿ ಮನೆ ಮಾಡಿ, ಸೇಡಂ ತಾಲೂಕಿನ ನಮ್ಮ ಸರಕಾರಿ ಹೈಸ್ಕೂಲಿಗೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದರು. ಚಿತ್ತಾಪುರ ದಾಟುವುದರೊಳಗೆ ಡಬ್ಬಿಯ ಅರ್ಧ ಊಟ ಎದುರಿಗೆ ಕುಳಿತವರಿಗೆ ಹಂಚಿ ಮುಗಿದಿರುತ್ತಿತ್ತು. ಮಧ್ಯಾಹ್ನ ನಮ್ಮ ಡಬ್ಬಿಗಳ ಮೇಲೆ ಬೀಳುತ್ತಿದ್ದರು.

ಅವರಿಗೆ ಒಂದು ವಿಚಿತ್ರ ಚಾಳಿಯಿತ್ತು. ಶಾಲೆಯ ಉದ್ದ ಪಡಸಾಲೆಗೆಲ್ಲ ಫರಸಿ ಹಾಸಿದೆ. ಬೆಳಿಗ್ಗೆ ಬಂದವರೇ ಎಂಟನೇ ತರಗತಿಯ ಬಾಗಿಲ ಮುಂದಿನ ಒಂದು ಕಲ್ಲಿನ ಹತ್ತಿರ ನಿಂತು, ಎಡಗಾಲಿನ ಚಪ್ಪಲಿ ಕಳಚಿ, ಹಿಮ್ಮಡಿಯನ್ನು ಆ ಕಲ್ಲಿನ ಮೇಲೆ ನಾಲ್ಕು ಸಲ ಉಜ್ಜಿ ಮುಂದೆ ಹೋಗುತ್ತಿದ್ದರು. ಹಿಮ್ಮಡಿ ಒಡೆದು ಕಡಿಯುತ್ತಿರಬೇಕು ಎಂದುಕೊಂಡು ನಾನು ಒಮ್ಮೆ ಮುಲಾಮು ತಂದುಕೊಟ್ಟಿದ್ದೆ. ತೆಗೆದುಕೊಂಡು, ಥ್ಯಾಂಕ್ಸ್ ಅಂತ ಕೂಡ ಹೇಳದೆ ಜೇಬಿಗೆ ಹಾಕಿಕೊಂಡರು. ಥ್ಯಾಂಕ್ಸ್ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಆವರೆಗೆ ಯಾರೂ ಕೇಳಿರಲಿಲ್ಲ.

ಮಕ್ಕಳು ತಪ್ಪು ಉತ್ತರ ಹೇಳಿದರೆ ಅವರು ತಪ್ಪು ಎನ್ನುತ್ತಿರಲಿಲ್ಲ. “ಇನ್ನ ಹಸಿ ಅದ” ಎನ್ನುತ್ತಿದ್ದರು. ಸುಟ್ಟು ತಿನ್ನುವ ಸೀತನಿಯ ಜೋಳದ ತೆನೆಯನ್ನು ಇನ್ನೂ ನಾಲ್ಕು ದಿನ ಹೊಲದಲ್ಲೇ ಬಿಡುವಾಗ ಹೇಳುವ ಮಾತು ಅದು. ಮಗು ಮತ್ತೆ ಯೋಚಿಸಿ ಇನ್ನೊಂದು ಹೇಳಿದರೆ, “ಈಗ ಜರಾ ಬಲೀತು.” ಹೀಗೆ ತಪ್ಪು ಎಂಬ ಶಬ್ದವನ್ನೇ ಬಳಸದೆ ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ.

ಇಷ್ಟು ಹೇಳಿದರೆ ನೀವು ಅವರನ್ನು ಸೀಮೆಸುಣ್ಣ ಬಿಟ್ಟು ಬೇರೇನೂ ಮುಟ್ಟದ ಹಳೆಯ ಕಾಲದ ಮಾಸ್ತರ ಎಂದುಕೊಳ್ಳಬಹುದು. ಅಲ್ಲವೇ ಅಲ್ಲ. ನಮ್ಮ ಶಾಲೆಯಲ್ಲಿ ತಂತ್ರಜ್ಞಾನವನ್ನು ನಿಜವಾಗಿ ಬಳಸುತ್ತಿದ್ದವರು ಅವರೊಬ್ಬರೇ. ಶಾಲೆಗೆ ಸ್ಮಾರ್ಟ್ ಕ್ಲಾಸ್ ಬಂದಾಗ ನಮ್ಮ ಹೆಡ್ ಮೇಡಂ ಪ್ರೊಜೆಕ್ಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅದಕ್ಕೊಂದು ಹೂವಿನ ಅಂಚಿನ ಗವಸು ಹೊಲಿಸಿ, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮೇಡಂ ಚಿಂಚೋಳಿ ತಾಲೂಕಿನ ಐನಾಪುರದವರು, ಒಳ್ಳೆಯ ಹೆಂಗಸು, ಆದರೆ ಸರಕಾರಿ ಸಾಮಾನು ಕೆಟ್ಟರೆ ತಮ್ಮ ಮೈಯೇ ಕೆಟ್ಟ ಹಾಗೆ ಹೆದರುತ್ತಿದ್ದರು. ವಾರಕ್ಕೊಮ್ಮೆ ತೆಗೆದಾಗ ಊರ ಪಕ್ಕದ ಕಾರ್ಖಾನೆಯ ಸಿಮೆಂಟ್ ಧೂಳು ಕಿಟಕಿಯ ಸಂದಿಯಿಂದ ಬಂದು ಮಸೂರದ ಮೇಲೆ ಕುಳಿತಿರುತ್ತಿತ್ತು. ಯಾವ ವಿಡಿಯೋ ಹಾಕಿದರೂ ಅದು ಹಿಮಾಲಯದ ವಿಡಿಯೋದಂತೆ ಕಾಣುತ್ತಿತ್ತು.

ಫರಸಿ ಸರ್ ಆ ಕೀಲಿಯ ದಾರಿ ಕಾಯಲಿಲ್ಲ. ತಮ್ಮ ಫೋನಿನ ಕ್ಯಾಮೆರಾದ ಮೇಲೆ ಒಂದು ಹನಿ ನೀರು ಬಿಟ್ಟು, ಅದನ್ನೇ ಸೂಕ್ಷ್ಮದರ್ಶಕ ಮಾಡಿ, ಉಳ್ಳಾಗಡ್ಡಿಯ ಸಿಪ್ಪೆಯೊಳಗಿನ ಮನೆಮನೆಗಳನ್ನು ತೋರಿಸುತ್ತಿದ್ದರು. ನಲ್ಲಿಯಿಂದ ಬೀಳುವ ಹನಿಯನ್ನು ನಿಧಾನಗತಿಯಲ್ಲಿ ಚಿತ್ರಿಸಿ, ಅದು ಚಿತ್ರಪಟದಲ್ಲಿರುವಂತೆ ಕಣ್ಣೀರಿನ ಆಕಾರದಲ್ಲಿ ಇಲ್ಲ, ದುಂಡಗಿದೆ ಎಂದು ಮಕ್ಕಳಿಂದಲೇ ಹೇಳಿಸುತ್ತಿದ್ದರು. “ಮಷೀನು ಕೆಟ್ಟದ್ದಲ್ಲ ತಂಗಿ” ಎಂದು ನನಗೆ ಹೇಳುತ್ತಿದ್ದರು. “ನೀ ಖರೇ ಹೇಳಿದ್ರ ಖರೇ ಬರೀತದ. ಸುಳ್ಳ ಹೇಳಿದ್ರ ಸುಳ್ಳ ಬರೀತದ. ಅಕ್ಷರ ಮಾತ್ರ ಎರಡೂ ಸಲ ಚಂದ ಇರ್ತಾವ.”

ಈ ಮಾತು ನನಗೆ ಹೇಳಿದ್ದರು ಎಂಬುದನ್ನು ನೆನಪಿಡಿ. ಮುಂದೆ ಬರುತ್ತದೆ.

ಅವರ ಪಾಠ ಯೋಜನೆಯ ವಹಿ ಲೋಕದ ಎಲ್ಲ ಪಾಠ ಯೋಜನೆಗಳಿಗಿಂತ ಒಂದು ವಿಷಯದಲ್ಲಿ ಬೇರೆಯಾಗಿತ್ತು. ಅದನ್ನು ಅವರು ಪಾಠ ಮುಗಿದ ಮೇಲೆ ಬರೆಯುತ್ತಿದ್ದರು. “ನಾಳೆ ಏನ್ ಆಗ್ತದಂತ ಇವತ್ತೇ ಬರ್ಯಾಂವ ಪಂಚಾಂಗದಾಂವ. ನಾ ಮಾಸ್ತರ. ಆದದ್ದು ಬರೀತೀನಿ” ಎನ್ನುವುದು ಅವರ ಸಿದ್ಧಾಂತ. ಒಮ್ಮೆ ತೆಗೆದು ಓದಿದ್ದೆ. ‘ಹತ್ತನೇ ತರಗತಿ. ಬೆಳಕಿನ ವಕ್ರೀಭವನ. ಅರ್ಧ ಪಾಠವಾದಾಗ ಕಿಟಕಿಯಲ್ಲಿ ಮಂಗ ಬಂದು ಕುಳಿತಿತು. ಉಳಿದರ್ಧ ಪಾಠವನ್ನು ಮಂಗವೇ ಮಾಡಿತು. ವಕ್ರೀಭವನ ನಾಳೆ.’ ಇನ್ನೊಂದು ಪುಟದಲ್ಲಿ: ‘ಇಂದು ಪಾಠ ಚೆನ್ನಾಗಿ ಆಯಿತು ಎಂದು ನನಗೆ ಅನ್ನಿಸಿತು. ಮಕ್ಕಳಿಗೆ ಅನ್ನಿಸಲಿಲ್ಲ. ಮತ್ತೆ ಮಾಡಬೇಕು.’ ಇಂಥ ವಹಿಗೆ ಸಹಿ ಹಾಕುವಾಗ ಹೆಡ್ ಮೇಡಂ ಮೊದಲು ಬಾಗಿಲ ಕಡೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿಕೊಳ್ಳುತ್ತಿದ್ದರು.

ಹೀಗೇ ನಡೆದಿತ್ತು. ಅವರು ನಿವೃತ್ತರಾಗುವ ವರ್ಷ, ಜೂನ್ ತಿಂಗಳಲ್ಲಿ, ಪಾಠ ಯೋಜನೆಯ ಆ್ಯಪ್ ಬಂತು.

ಪ್ರತಿ ಸೋಮವಾರ ಹತ್ತು ಗಂಟೆಯೊಳಗೆ ಆ ವಾರ ಮಾಡಲಿರುವ ಪಾಠಗಳ ಯೋಜನೆಯನ್ನು ಎಲ್ಲ ಶಿಕ್ಷಕರೂ ಅದಕ್ಕೆ ಏರಿಸಬೇಕು. ಒಬ್ಬರದು ತಪ್ಪಿದರೂ ಶಾಲೆಯ ಹೆಸರಿನ ಮುಂದೆ ಕೆಂಪು ಚುಕ್ಕೆ ಬರುತ್ತದೆ. ಮೊದಲ ಸೋಮವಾರವೇ ನಮಗೆ ಕೆಂಪು ಚುಕ್ಕೆ ಬಂತು. ಹೆಡ್ ಮೇಡಂ ಸರ್ ಹತ್ತಿರ ಹೋಗಿ ಕೈ ಮುಗಿದು ಕೇಳಿದರು. ಅವರು ಶಾಂತವಾಗಿ, “ಶನಿವಾರ ಹಾಕ್ತೀನ್ರಿ ಮೇಡಂ. ಪಾಠ ಆಗ್ಲಿ” ಎಂದರು. ಆ್ಯಪಿನಲ್ಲಿ ಶನಿವಾರಕ್ಕೆ ಜಾಗವೇ ಇರಲಿಲ್ಲ.

ಮೇಡಂ ನನ್ನ ಹತ್ತಿರ ಬಂದರು. ನಾನು ಆಗ ಗಣಿತದ ಹೊಸ ಟೀಚರ್, ಕೊಡ್ಲಿಯಿಂದ ಬಂದವಳು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. “ಏನಾರ ಮಾಡವ್ವಾ. ಅವರ ಫೋನಿನ್ಯಾಗ ಆ್ಯಪ್ ಹಾಕಿ ಕೊಟ್ಟಾಕಿ ನೀನೇ ಅಲ್ಲ? ಪಾಸ್‌ವರ್ಡ್ ನಿನಗ ಗೊತ್ತದ. ಐದಾರು ತಿಂಗಳ ಮಾತು. ಆಮ್ಯಾಲ ಅವರು ಅವರ ಮನಿಗಿ, ನಾವು ನಮ್ಮ ಮನಿಗಿ” ಎಂದರು.

ನಾನು ಮಾಡಿದೆ. ಮೇಡಂ ಮೇಲೆ ತಪ್ಪು ಹೊರಿಸುವುದಿಲ್ಲ. ನನಗೆ ಅದು ಜಾಣತನವಾಗಿಯೇ ಕಂಡಿತ್ತು. ತರಗತಿ, ಪಾಠದ ಹೆಸರು, ಸ್ಥಳೀಯ ಪರಿಸರ, ಇಷ್ಟು ಹೇಳಿದರೆ ತಾನೇ ಪಾಠ ಯೋಜನೆ ಬರೆದುಕೊಡುವ ಮಷೀನು ಈಗ ಎಲ್ಲರ ಫೋನಿನಲ್ಲೂ ಇದೆಯಲ್ಲ. ಅದಕ್ಕೆ ಏನೇನು ಹೇಳಬೇಕು ಎಂಬ ಸಿದ್ಧ ನಮೂನೆಯೂ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ತಿರುಗಾಡುತ್ತಿತ್ತು. ನಾನು ಅದನ್ನು ಹಾಗೇ ಎತ್ತಿಕೊಂಡು, ತರಗತಿ ಮತ್ತು ಪಾಠದ ಹೆಸರು ಮಾತ್ರ ಬದಲಾಯಿಸಿ, ನನ್ನ ಯೋಜನೆಗಳನ್ನೂ ಸರ್ ಅವರ ಯೋಜನೆಗಳನ್ನೂ ತಯಾರಿಸಿ, ಓದದೆ ಏರಿಸಿಬಿಡುತ್ತಿದ್ದೆ. ಚುಕ್ಕೆ ಹಸಿರಾಯಿತು. ಹೆಡ್ ಮೇಡಂ ನನಗೊಂದು ಪೇಡೆ ಕೊಟ್ಟರು.

ಸರ್‌ಗೆ ಹೇಳಲಿಲ್ಲ. ಅವರು ಎಂದಿನಂತೆ ಪಾಠ ಮಾಡಿ, ಆದದ್ದನ್ನು ತಮ್ಮ ವಹಿಯಲ್ಲಿ ಬರೆಯುತ್ತಲೇ ಇದ್ದರು.

ಆ ನಮೂನೆಯನ್ನು ಮೊದಲು ತಯಾರಿಸಿದವರು ಕುಮಟಾ ಕಡೆಯ ಯಾರೋ ಪ್ರಾಮಾಣಿಕ ಶಿಕ್ಷಕಿ. ‘ಸ್ಥಳೀಯ ಪರಿಸರ’ ಎಂಬಲ್ಲಿ ಅವರು ತಮ್ಮ ಊರಿನ ಪರಿಸರವನ್ನು ಸರಿಯಾಗಿಯೇ ತುಂಬಿದ್ದರು. ಆ ಸಾಲನ್ನು ನಾನು ಬದಲಾಯಿಸಿರಲಿಲ್ಲ. ನಾನೊಬ್ಬಳೇ ಅಲ್ಲ, ನಮ್ಮ ತಾಲೂಕಿನಲ್ಲಿ ಬಹಳ ಜನ ಬದಲಾಯಿಸಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಬುಧವಾರ ಸಾಹೇಬರು ಬಂದರು. ಸಾಹೇಬರು ಎಂದರೆ ನಮ್ಮ ಶಾಲೆಗಳ ತಪಾಸಣೆಗೆ ಬರುವ ಅಧಿಕಾರಿ, ಚಿತ್ತಾಪುರದವರು, ಬೆವರು ಒರೆಸಿಕೊಳ್ಳಲು ಸದಾ ಎರಡು ಕರವಸ್ತ್ರ ಇಟ್ಟುಕೊಂಡಿರುತ್ತಿದ್ದರು. ಕೈಯಲ್ಲಿ ಅಚ್ಚಾದ ಹಾಳೆಗಳ ಕಟ್ಟು. ಸ್ಟಾಫ್ ರೂಮಿನಲ್ಲಿ ಕುಳಿತು ಚಹಾ ಕೂಡ ಮುಟ್ಟದೆ ಹೇಳಿದರು:

“ಆ್ಯಪಿನ್ಯಾಗ ನೋಡಿದ್ರ ಈ ವಾರ ನಮ್ಮ ತಾಲೂಕಿನ ಅರ್ಧಾ ಮಕ್ಕಳು ಸಮುದ್ರದ ದಂಡಿಮ್ಯಾಲ ಅವ. ಮ್ಯಾಲಿನವರು ಫೋನ್ ಮಾಡಿ ಕೇಳ್ಲಿಕತ್ತಾರ, ಸೇಡಂದಾಗ ಸಮುದ್ರ ಯಾವಾಗ ಹುಟ್ತಂತ. ನಾ ಏನ್ ಹೇಳ್ಲಿ?”

ಒಂದು ಹಾಳೆ ತೆಗೆದು ಫರಸಿ ಸರ್ ಕಡೆ ಚಾಚಿದರು. “ಸರ್, ಇದು ನಿಮ್ಮದು. ಹತ್ತನೇ ಕ್ಲಾಸು, ಇವತ್ತು ಮೂರನೇ ಪೀರಿಯಡ್. ಆಮ್ಲ ಮತ್ತು ಕಾರ್ಬೊನೇಟು. ‘ಮಕ್ಕಳು ಹತ್ತಿರದ ಕಡಲತೀರಕ್ಕೆ ಹೋಗಿ ಚಿಪ್ಪು ಹುಡುಕುವರು. ಆಮ್ಲ ಹಾಕಿ ಗುಳ್ಳೆ ಬರುವುದನ್ನು ನೋಡುವರು.’ ಬಸ್ ಎಲ್ಲದ ಸರ್?”

ಸರ್ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಮೇಲೆ ತಮ್ಮ ಹೆಸರನ್ನು ಇನ್ನೊಮ್ಮೆ ಓದಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಹಾಜರಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಬಹಳ ಗಮನವಿಟ್ಟು ಓದುತ್ತಿದ್ದೆ. ಅವರಿಗೆ ಎಲ್ಲ ತಿಳಿಯಿತು.

ಸಾಹೇಬರಿಗೂ ಏನೋ ವಾಸನೆ ಹತ್ತಿತ್ತು. “ನೀವು ಹಿಂಥಾದ್ದು ಬರ್ಯಾವರಲ್ಲ ಅಂತ ಎಲ್ಲಾರಿಗೂ ಗೊತ್ತದ. ಯಾರರ ನಿಮ್ಮ ಹೆಸರಿನ್ಯಾಗ ಹಾಕಿದ್ರ ಹೇಳಿಬಿಡ್ರಿ. ನಿಮಗ ಏನೂ ಆಗಂಗಿಲ್ಲ. ಹಾಕಿದವರಿಗಿ ನೋಟಿಸ್ ಕೊಡ್ತೀನಿ” ಎಂದರು.

ಹೊಸ ನೌಕರಿಯವಳಿಗೆ ನೋಟಿಸ್ ಎಂದರೆ ಏನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸರ್ ಖರೆ ಹೇಳಿದರೆ ನನ್ನ ನೌಕರಿ ಹೋಗುತ್ತದೆ. ‘ನಾನೇ ಬರೆದೆ’ ಎಂದರೆ, ಮೂವತ್ತು ವರ್ಷ ಆದದ್ದನ್ನೇ ಬರೆದ ಮನುಷ್ಯ ನಿವೃತ್ತಿಗೆ ಮೂರು ತಿಂಗಳಿರುವಾಗ ನನಗಾಗಿ ಸುಳ್ಳು ಹೇಳಿದಂತಾಗುತ್ತದೆ. ಹೆಡ್ ಮೇಡಂ ಸೆರಗಿನ ಕೀಲಿಯನ್ನು ಹಿಡಿದುಕೊಂಡು ಮನೆದೇವರನ್ನು ನೆನೆಯುತ್ತಿದ್ದರು.

ಸರ್ ಗಡಿಯಾರ ನೋಡಿದರು. “ಮೂರನೇ ಪೀರಿಯಡ್ ಆಗ್ಲಿಕ್ಕ ಬಂತು” ಎಂದರು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದರು. “ಬರ್ರಿ ಸಾಹೇಬ್ರ. ಸಮುದ್ರಕ್ಕ ಹೋಗಾಣ.”

ಪ್ರಯೋಗಾಲಯದಿಂದ ಆಮ್ಲದ ಸಣ್ಣ ಬಾಟಲಿ ಮತ್ತು ಹನಿ ಹಾಕುವ ನಳಿಕೆ ತಂದರು. ಹತ್ತನೇ ತರಗತಿಯ ಮಕ್ಕಳನ್ನೆಲ್ಲ ಪಡಸಾಲೆಗೆ ಕರೆದರು. “ಎಲ್ಲಾರೂ ಚಪ್ಪಲ್ ಬಿಡ್ರಿ. ಸಮುದ್ರದಾಗ ಯಾರೂ ಚಪ್ಪಲ್ ಹಾಕ್ಕೊಂಡು ಅಡ್ಡಾಡಂಗಿಲ್ಲ” ಎಂದರು.

ಮಕ್ಕಳು ಬಿಟ್ಟರು. ಸಾಹೇಬರನ್ನೂ ನೋಡಿದರು. ಸಾಹೇಬರು ಒಂದು ಕ್ಷಣ ಹಿಂದೆಮುಂದೆ ನೋಡಿ ತಾವೂ ಬೂಟು ಬಿಚ್ಚಿದರು. ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಮಕ್ಕಳು ಅದನ್ನು ನೋಡಿ ಬಹಳ ಖುಷಿಪಟ್ಟರು.

ಸರ್ ಎಂಟನೇ ತರಗತಿಯ ಬಾಗಿಲಿಗೆ ಹೋಗಿ, ದಿನಾ ಹಿಮ್ಮಡಿ ಉಜ್ಜುತ್ತಿದ್ದ ಆ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಶಿವಲೀಲಾ ಎಂಬ ಹುಡುಗಿಯನ್ನು ಕರೆದರು. ಯಾವ ಪಾಠಕ್ಕೂ ನಾಲ್ಕು ಪ್ರಶ್ನೆ ಕೇಳದೆ ಬಿಡದ ಹುಡುಗಿ ಅವಳು.

“ಬೆರಳಾಡ್ಸು. ಏನದ?”

“ಸಣ್ಣ ಸಣ್ಣ ಅಲಿ ಅವ ಸರ್. ರೊಟ್ಟಿ ಬಡದಾಗ ಬೆರಳ ಗುರುತು ಉಳೀತಾವಲ್ಲ, ಹಂಗ.”

“ಯಾರ ಬೆರಳು?”

ಶಿವಲೀಲಾ ತನ್ನ ಬೆರಳುಗಳನ್ನೇ ನೋಡಿಕೊಂಡಳು.

“ನೀರಿಂದು” ಎಂದರು ಸರ್. “ಇಲ್ಲಿ ಸಮುದ್ರ ಇತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಎಲ್ಲಾ ನೀರಾಗ. ತಳದಾಗ ಸುಣ್ಣದ ರಾಡಿ ಕುಂತು, ಪದರಿನ ಮ್ಯಾಲ ಪದರು ಬಿದ್ದು, ರೊಟ್ಟಿ ಪೇರ್ಸಿದಂಗಾಗಿ ಈ ಕಲ್ಲಾತು. ನಮ್ಮಪ್ಪ ಅದನ್ನ ಒಂದೊಂದೇ ರೊಟ್ಟಿ ಬಿಡ್ಸಿದಂಗ ಬಿಡ್ಸಿ ತಗೀತಿದ್ದ. ಅಲಿ ಇದ್ದ ಕಲ್ಲಿಗಿ ಗಿರಾಕಿ ಕಮ್ಮಿ, ಸಪಾಟ್ ಇಲ್ಲಂತ. ಸರಕಾರಿ ಸಾಲಿಗಿ ಹಾಕ್ತಿದ್ರು. ನಾ ದಿನಾ ಬಂದು ಇದಕ್ಕ ಕಾಲ್ ತಾಗ್ಸಿ ಹೋಗ್ತೀನಿ.”

ನನ್ನ ಮುಲಾಮಿನ ನೆನಪಾಗಿ ನಾನು ಕಂಬದ ಹಿಂದೆ ಸರಿದೆ.

“ಸಮುದ್ರ ಹೋಗಿ ಎಷ್ಟು ವರ್ಷ ಆತು ಸರ್?” ಎಂದಳು ಶಿವಲೀಲಾ.

“ಕೋಟಿ ಕೋಟಿ ವರ್ಷ. ಸೊನ್ನಿ ಹಾಕ್ಲಿಕ್ಕ ಗಣಿತದ ಮೇಡಂನ್ನ ಕರೀಬೇಕು. ಅವರು ಆ ಕಂಬದ ಹಿಂದ ಅವರ ನೋಡು.”

ಸಾಹೇಬರು ಕಟ್ಟಿನಲ್ಲಿದ್ದ ಹಾಳೆಯ ಇನ್ನೊಂದು ಪ್ರತಿಯನ್ನು ಕೈಯಿಂದ ಬಿಟ್ಟಿರಲಿಲ್ಲ. “ಇದರಾಗ ಚಿಪ್ಪು ಹುಡುಕುವರು ಅಂತದ. ಚಿಪ್ಪು ಎಲ್ಲವ ಸರ್?”

“ಹುಡುಕ್ರಿ” ಎಂದು ಸರ್ ಮಕ್ಕಳಿಗೆ ಹೇಳಿದರು. ಮಕ್ಕಳೆಲ್ಲ ಪಡಸಾಲೆಯ ಉದ್ದಕ್ಕೂ ಮೊಣಕಾಲೂರಿ ಹುಡುಕಿದರು. ಸಾಹೇಬರೂ ಬಗ್ಗಿ ಒಂದೆರಡು ಕಲ್ಲು ನೋಡಿದರು. ಐದು ನಿಮಿಷದ ನಂತರ ಸರ್ ಹೇಳಿದರು: “ಸಿಗಂಗಿಲ್ಲ. ಚಿಪ್ಪಿನ ಜೀವ ಆಗಿನ್ನ ಹುಟ್ಟಿದ್ದೇ ಇಲ್ಲ. ನಾವು ಜರಾ ಜಲ್ದಿ ಬಂದೀವಿ ಸಾಹೇಬ್ರ.”

ಕಲ್ಲಿನ ಮೂಲೆಯನ್ನು ಮೊಳೆಯಿಂದ ಸ್ವಲ್ಪ ಕೆರೆದು, ನಳಿಕೆಯಿಂದ ಒಂದು ಹನಿ ಆಮ್ಲ ಬಿಟ್ಟರು. ಚುಸ್ ಎಂದು ಬಿಳಿ ಗುಳ್ಳೆಗಳು ಎದ್ದವು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ದಿನಾ ಅದರ ಮೇಲೆ ಓಡಾಡಿದ್ದರು, ಅದರ ಮೇಲೆ ಕುಳಿತು ಊಟ ಮಾಡಿದ್ದರು. ಕಲ್ಲು ಹೀಗೆ ಉಸಿರು ಬಿಡುವುದನ್ನು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

“ಸರ್, ನೀವು ಖರೇ ಸಮುದ್ರ ನೋಡೀರಿ?” ಎಂದು ಶಿವಲೀಲಾ ಕೇಳಿದಳು.

“ಇಲ್ಲವ್ವಾ. ತಳದಾಗ ಅರವತ್ತು ವರ್ಷ ಅಡ್ಡಾಡೀನಿ. ಮ್ಯಾಲ ಬಂದು ನೋಡ್ಲಿಕ್ಕ ಪುರಸೊತ್ತು ಸಿಕ್ಕಿಲ್ಲ.”

ಸಾಹೇಬರು ಬೂಟು ಹಾಕಿಕೊಂಡು ತಪಾಸಣೆಯ ಪುಸ್ತಕದಲ್ಲಿ ಬರೆದರು: ‘ಕಡಲತೀರದ ಭೇಟಿ ಯೋಜನೆಯಂತೆ ನಡೆಯಿತು. ಚಿಪ್ಪು ಸಿಗಲಿಲ್ಲ.’ ಯಾರು ಹಾಕಿದರು ಎಂಬ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಹೋಗುವಾಗ ಆ ಅಲೆಗಲ್ಲಿನ ಹತ್ತಿರ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬೂಟಿನ ತುದಿಯಿಂದ ಅದನ್ನೊಮ್ಮೆ ಮುಟ್ಟಿ ಹೋದರು.

ಮಧ್ಯಾಹ್ನ ಸರ್ ಒಬ್ಬರೇ ಕುಳಿತಿದ್ದರು. ನಾನು ನನ್ನ ಡಬ್ಬಿಯನ್ನು ಅವರ ಮುಂದಿಟ್ಟು, “ಸರ್, ತಪ್ಪಾತ್ರಿ. ನಂಗ ಇನ್ನ ತಿಳಿವಳಿಕಿ ಕಮ್ಮಿ” ಎಂದೆ. ‘ಇನ್ನ ಹಸಿ ಅದ’ ಎನ್ನುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಆ ಮಾತಿಗಾಗಿಯೇ ಹಾಗೆ ಹೇಳಿದ್ದೆ ಎಂದರೂ ಸರಿ.

ಅವರು ನನ್ನ ಪುಂಡಿಪಲ್ಯವನ್ನು ರೊಟ್ಟಿಯಲ್ಲಿ ಹಿಡಿದು ಬಾಯಿಗಿಟ್ಟುಕೊಂಡು, ಅಗಿದು, ನುಂಗಿ, ಆಮೇಲೆ ಹೇಳಿದರು: “ಹಸಿ ಅಲ್ಲ ತಂಗಿ. ಇದು ತಪ್ಪು.”

ನನಗೆ ಅಳು ಬಂತು. ಅವರು ತಡೆಯಲಿಲ್ಲ. “ಎಷ್ಟವ?” ಎಂದರು.

“ಇಪ್ಪತ್ತೆರಡು ಸರ್.”

“ಎಲ್ಲಾ ಪ್ರಿಂಟ್ ತಗದು ಕೊಡು.”

ಹರಿದು ಹಾಕುತ್ತಾರೆ ಎಂದುಕೊಂಡು ಕೊಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಕೆಂಪು ಶಾಯಿಯ ಪೆನ್ನು ತಂದಿದ್ದರು. ಕಡಲಿನ ಹಾಳೆಯ ಪಕ್ಕದಲ್ಲಿ ‘ಆಯ್ತು’ ಎಂದು ಬರೆದಿದ್ದರು. ಉಳಿದ ಇಪ್ಪತ್ತೊಂದನ್ನು ಮೂರು ತಿಂಗಳಲ್ಲಿ ಖರೆ ಮಾಡಿಯೇ ಹೋಗುವುದೆಂದು ನಿರ್ಧರಿಸಿದ್ದರು. ತಮ್ಮ ಕೈಬರಹ ಇಲ್ಲದಿದ್ದರೂ ಹೆಸರಿದೆ, ಹೆಸರಿದ್ದ ಮೇಲೆ ಅದು ಆಗಲೇಬೇಕು ಎಂಬುದು ಅವರ ವಾದ. ಅವರ ಹೆಸರಿನಲ್ಲಿ ನಾನು ಮತ್ತೆ ಏನನ್ನೂ ಏರಿಸಲಿಲ್ಲ.

ಆ ಮೂರು ತಿಂಗಳು ನಮ್ಮ ಊರಿನವರು ಮರೆಯುವುದಿಲ್ಲ. ‘ಮಕ್ಕಳು ಮೀನುಗಾರರ ದೋಣಿ ತೇಲುವುದನ್ನು ಗಮನಿಸುವರು’ ಎಂದು ಒಂದು ಹಾಳೆಯಲ್ಲಿತ್ತು. ಬಿಸಿಯೂಟದ ದೊಡ್ಡ ಕಡಾಯಿಯನ್ನು ಶಾಲೆಯ ನೀರಿನ ತೊಟ್ಟಿಯಲ್ಲಿ ಬಿಟ್ಟು, ಅದರಲ್ಲಿ ಒಂದೊಂದೇ ಇಟ್ಟಿಗೆ ಪೇರಿಸಿದರು. ಹನ್ನೆರಡನೇ ಇಟ್ಟಿಗೆಗೆ ಕಡಾಯಿ ಮುಳುಗಿತು. ಅಡುಗೆಯವ್ವ ಸೌಟು ಹಿಡಿದು ಬಂದು, “ಸರ್, ಇವತ್ತ ಮಕ್ಕಳಿಗಿ ಅನ್ನ ಯಾತರಾಗ ಮಾಡ್ಲಿ, ನಿಮ್ಮ ತಲಿಮ್ಯಾಲ ಮಾಡ್ಲಿ?” ಎಂದಳು. ಮರುದಿನ ಅವಳೇ ತೊಟ್ಟಿಯ ಪಕ್ಕ ನಿಂತು ಇಟ್ಟಿಗೆ ಎಣಿಸಿದಳು.

‘ತೆಂಗಿನ ತೋಟದಲ್ಲಿ ಆಹಾರ ಸರಪಳಿಯ ಅವಲೋಕನ.’ ನಮ್ಮ ಊರಿನಲ್ಲಿ ತೆಂಗಿನ ಮರ ಇರುವುದು ಒಂದೇ, ಗೌಡರ ಹಿತ್ತಿಲಲ್ಲಿ. ನಲವತ್ತು ಮಕ್ಕಳು ಅದರ ಸುತ್ತ ಬಾಯಿಮುಚ್ಚಿಕೊಂಡು ನಿಂತದ್ದನ್ನು ನೋಡಿ ಗೌಡತಿ ಗಾಬರಿಯಾಗಿ, “ಯಾರ್ ಹೋದ್ರವ್ವಾ?” ಎಂದು ಓಡಿ ಬಂದಳು. ‘ಉಪ್ಪಿನ ಆಗರದಲ್ಲಿ ಆವಿಯಾಗುವಿಕೆ’ ಸುಲಭವಾಯಿತು. ತಾಟಿನಲ್ಲಿ ತೆಳ್ಳಗೆ ಉಪ್ಪುನೀರು ಹರವಿ ಬಿಸಿಲಿಗಿಟ್ಟರೆ ಊಟದ ಗಂಟೆ ಹೊಡೆಯುವುದರೊಳಗೆ ಉಪ್ಪು ತಯಾರು. “ಸಮುದ್ರ ಇಲ್ಲಂದ್ರ ಏನಾತು, ಬಿಸಲಿನ್ಯಾಗ ನಮ್ಮನ್ನ ಹೊಡ್ಯಾವರು ಯಾರದಾರ?” ಎಂದು ಸರ್ ಹೆಮ್ಮೆಪಟ್ಟರು. ‘ಹಡಗಿನ ಶಿಳ್ಳೆ ಕೇಳಿ ಶಬ್ದದ ಅಧ್ಯಯನ’ಕ್ಕೆ ವಾಡಿ ಸ್ಟೇಷನ್ನಿನಲ್ಲಿ ನಿಂತು, ಗೂಡ್ಸ್ ಗಾಡಿ ಶಿಳ್ಳೆ ಹಾಕುತ್ತ ಬಂದು ದಾಟಿ ಹೋಗುವುದನ್ನು ಫೋನಿನಲ್ಲಿ ಹಿಡಿದು ತಂದರು. ಹೆಡ್ ಮೇಡಂ ಸೆರಗಿನಿಂದ ಕೀಲಿ ಬಿಚ್ಚಿ ತಾವಾಗಿಯೇ ಸ್ಮಾರ್ಟ್ ಕ್ಲಾಸ್ ತೆಗೆದುಕೊಟ್ಟರು, ಪ್ರೊಜೆಕ್ಟರಿನ ಗವಸನ್ನೂ ತೆಗೆದು ಮಸೂರ ಒರೆಸಿದರು. ಬರುವಾಗ ಸಣ್ಣಗೆ ಕೂಗುವ ಗಾಡಿ ಹೋಗುವಾಗ ದಪ್ಪಗೆ ಯಾಕೆ ಕೂಗುತ್ತದೆ ಎಂದು ಒಂದು ವಾರ ಇಡೀ ಶಾಲೆ ಜಗಳವಾಡಿತು.

ಪ್ರತಿ ಹಾಳೆಯೂ ಹೀಗೆ ಕೆಂಪಾಗುತ್ತ ಬಂತು. ಒಂದು ಸಾಲು ಮಾತ್ರ ಇಪ್ಪತ್ತೆರಡೂ ಹಾಳೆಗಳಲ್ಲಿ ಖಾಲಿ ಉಳಿಯಿತು. ಆ ಮಷೀನು ಪ್ರತಿ ಯೋಜನೆಯ ಕೊನೆಗೆ ತಪ್ಪದೆ ಬರೆದಿತ್ತು: ‘ಕೊನೆಯಲ್ಲಿ ಶಿಕ್ಷಕರು ಮಕ್ಕಳಿಗೆ ಧನ್ಯವಾದ ಹೇಳುವರು.’

“ಇದೊಂದು ಆಗಂಗಿಲ್ಲ ಬಿಡು” ಎಂದರು ಸರ್. “ಮಾಸ್ತರ ಆಗಿ ಪೋರಗೋಳಿಗಿ ಥ್ಯಾಂಕ್ಸ್ ಅಂತ ಹ್ಯಾಂಗ ಅನ್ಬೇಕು? ನಾಚಿಗಿ ಬರ್ತದ.”

“ಹಂಗಾದ್ರ ಆ ಸಾಲು ಸುಳ್ಳೇ ಉಳೀತದ್ರಿ ಸರ್” ಎಂದೆ. ತಪ್ಪು ಮಾಡಿದವಳಾದರೂ ನನಗೆ ಬಾಯಿ ಜಾಸ್ತಿ. ಅವರು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡರು.

ನವೆಂಬರ್ ಕೊನೆಯ ದಿನ ಬಂತು. ಅಂಗಳದಲ್ಲಿ ಶಾಮಿಯಾನ, ಶಾಲು, ಹಾರ, ಸಾಹೇಬರು ಕೂಡ ಹೊಸ ಕಾಲುಚೀಲ ಹಾಕಿಕೊಂಡು ಬಂದು ಕುಳಿತಿದ್ದರು. ಸರ್ ಮಾತ್ರ ವೇದಿಕೆಗೆ ಬರಲಿಲ್ಲ. ಕೊನೆಯ ಪೀರಿಯಡ್ ಇನ್ನೂ ಇದೆ ಎಂದರು. ಮೂರೂ ತರಗತಿಯ ಮಕ್ಕಳನ್ನು ಪಡಸಾಲೆಯಲ್ಲಿ, ಆ ಫರಸಿಯ ಮೇಲೆ ಕೂಡಿಸಿದರು. ಯಾರೂ ಹೇಳದೆಯೇ ಎಲ್ಲ ಮಕ್ಕಳೂ ಚಪ್ಪಲಿ ಬಿಟ್ಟು ಕುಳಿತಿದ್ದರು. ಸರ್ ಚೀಲದಿಂದ ಹಾಳೆಗಳನ್ನು ತೆಗೆದರು.

“ಒಂದು ಕೆಲಸ ಬಾಕಿ ಅದ” ಎಂದರು. “ಶಿವಲೀಲಾ, ನಿಂದ್ರು. ಕಲ್ಲಿನ್ಯಾಗ ಗುಳ್ಳಿ ಬಂದ ಮರುದಿನ ಬಂದು, ಆ ಗಾಳಿ ಎಷ್ಟು ವರ್ಷದ್ದು ಅಂತ ಕೇಳಿದ್ದಿ. ನಂಗ ಗೊತ್ತಿರಲಿಲ್ಲ. ಮೂವತ್ತು ವರ್ಷದಾಗ ನಂಗೇ ಆ ಪ್ರಶ್ನಿ ಬಿದ್ದಿರಲಿಲ್ಲ. ಥ್ಯಾಂಕ್ಸ್ ಅವ್ವಾ.” ಹಾಳೆಯ ಕೊನೆಯ ಸಾಲಿಗೆ ‘ಆಯ್ತು’ ಬರೆದು ಪಕ್ಕಕ್ಕಿಟ್ಟರು. ಎರಡನೆಯ ಹಾಳೆ ತೆಗೆದರು. ಕಡಾಯಿ ಮುಳುಗಿದಾಗ ನೀರಿಗಿಳಿದು ಎತ್ತಿದ ಹುಡುಗನಿಗೆ. ಮೂರನೆಯದು, ಹಡಗಿನ ಪಾಠದ ದಿನ ತನ್ನ ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಎಂದು ಮೊದಲ ಬಾರಿ ಬಾಯಿಬಿಟ್ಟ ಹುಡುಗಿಗೆ. ಹೀಗೆ ಒಂದೊಂದು ಹಾಳೆಗೆ ಒಬ್ಬೊಬ್ಬರು. ಕಿಟಕಿಯ ಮಂಗನಿಗೂ ಒಂದು ಹೋಯಿತು. ಮಕ್ಕಳು ಮೊದಲು ನಕ್ಕರು, ಹತ್ತನೇ ಹಾಳೆಯ ಹೊತ್ತಿಗೆ ನಗು ನಿಂತಿತು, ಹದಿನೈದನೆಯದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಳ್ಳುತ್ತಿದ್ದರು. ಅದು ಹೆಡ್ ಮೇಡಂ.

ಇಪ್ಪತ್ತೆರಡನೆಯ ಹಾಳೆ ಹಿಡಿದು ಅವರು ಕಂಬದ ಕಡೆ ನೋಡಿದರು. ನಾನು ಅಲ್ಲೇ ನಿಂತಿದ್ದೆ.

“ಇದು ಮೇಡಂದು. ಈಕಿ ಸುಳ್ಳ ಬರೀಲಿಲ್ಲಂದ್ರ ನಾ ನಿಮಗ ಸಮುದ್ರ ತೋರಿಸ್ತಿರಲಿಲ್ಲ. ಥ್ಯಾಂಕ್ಸ್ ತಂಗಿ.” ‘ಆಯ್ತು’ ಎಂದು ಬರೆದರು, ಪೆನ್ನಿಗೆ ಟೋಪಿ ಹಾಕಿದರು, ಹಾಳೆಗಳ ಕಟ್ಟನ್ನು ತಂದು ನನ್ನ ಕೈಗೆ ಕೊಟ್ಟು ನನಗಷ್ಟೇ ಕೇಳುವ ಹಾಗೆ ಹೇಳಿದರು: “ನನ್ನ ಹೆಸರಿನ್ಯಾಗ ಈಗ ಒಂದೂ ಸುಳ್ಳಿಲ್ಲ. ನಿನ್ನ ಹೆಸರಿನ್ಯಾಗ ಎಷ್ಟವ, ನೋಡ್ಕೊ.”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರ ಇಪ್ಪತ್ತೆರಡಕ್ಕಾಗಿ ಮೂರು ತಿಂಗಳು ಓಡಾಡಿದೆ, ನನ್ನವು ಆ್ಯಪಿನಲ್ಲಿ ಹಸಿರಾಗಿ ಕುಳಿತಿದ್ದವು. ಶಾಲು ಹಾರದ ಸಮಾರಂಭ ಮುಗಿಯುವವರೆಗೂ ನನಗೆ ಯಾರ ಭಾಷಣವೂ ಕೇಳಿಸಲಿಲ್ಲ. ಎಲ್ಲರೂ ಹೋದ ಮೇಲೆ ಪ್ರಿಂಟ್ ತೆಗೆದೆ. ಮೂವತ್ತೊಂದು ಇದ್ದವು. ಮೊದಲನೆಯದು, ‘ಸಮರೂಪ ತ್ರಿಭುಜಗಳು: ಮಕ್ಕಳು ಸಮುದ್ರದ ದೀಪಸ್ತಂಭದ ನೆರಳನ್ನು ಅಳೆದು ಅದರ ಎತ್ತರ ಕಂಡುಹಿಡಿಯುವರು.’

ಮರುದಿನ ಮೊದಲ ಪೀರಿಯಡ್ಡಿಗೆ ಅಳತೆಯ ಪಟ್ಟಿ ಮತ್ತು ಕೆಂಪು ಪೆನ್ನು ತೆಗೆದುಕೊಂಡು, ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಊರ ಎತ್ತರದ ನೀರಿನ ಟಾಕಿಯ ಕಡೆ ಹೊರಟೆ.

“ಮೇಡಂ, ಎಲ್ಲಿಗ್ರಿ?” ಎಂದಳು ಶಿವಲೀಲಾ.

“ದೀಪಸ್ತಂಭಕ್ಕ” ಎಂದೆ.

ಅವಳು ಅಲ್ಲೇ ಚಪ್ಪಲಿ ಬಿಟ್ಟಳು.